ಮೂಳೆ ಕೂಡಿತು, ಸರಿ. ಮುಂದೆ?

ಮುರಿದ ಮೂಳೆ ಕೂಡಿಸುವ ವಿಷಯದಲ್ಲಿ ನಮ್ಮ ಕಡೆ ಈಗ ಅಂಥ ಕೊರತೆ ಏನಿಲ್ಲ. ಸಿಂಧನೂರು, ಗಂಗಾವತಿಯಂಥ ಊರುಗಳಲ್ಲೇ ಪ್ಲೇಟು, ರಾಡು, ಸ್ಕ್ರೂ ಹಾಕುವ ಡಾಕ್ಟರು ಸಿಗುತ್ತಾರೆ. ಕೇಸು ದೊಡ್ಡದಾದರೆ ರಾಯಚೂರು, ಬಳ್ಳಾರಿ ಇದ್ದೇ ಇದೆ. ಆದರೆ ಕೂಡಿಸಿದ ಮೇಲೆ ಏನು ಅಂತ ಕೇಳಿ ನೋಡಿ. ಮೂಳೆ ಯಾಕೆ ಮುರಿಯಿತು, ಮತ್ತೆ ಮುರಿಯದ ಹಾಗೆ ಏನು ಮಾಡಬೇಕು, ಅದನ್ನು ನೋಡಿಕೊಳ್ಳುವವರು ಯಾರು? ಸರ್ಜನ್ ಆಪರೇಷನ್ ಮುಗಿಸಿರುತ್ತಾರೆ. ಬಿಪಿ, ಶುಗರ್ ನೋಡುವ ಡಾಕ್ಟರಿಗೆ ಮುರಿದದ್ದೇ ಗೊತ್ತಿರುವುದಿಲ್ಲ. ಮನೆಯವರು ಬಿಲ್ಲು ಕಟ್ಟಿ ಸುಸ್ತಾಗಿರುತ್ತಾರೆ. ಕೊನೆಗೆ ಅದು ಯಾರ ಕೆಲಸವೂ ಅಲ್ಲ.

ನಾನು ಸಿಂಧನೂರಿನಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಆಪರೇಷನ್ ಆದವರನ್ನು ಎಬ್ಬಿಸಿ, ವಾಕರ್ ಹಿಡಿಸಿ, ನಡೆಸುವ ಕೆಲಸ. ಹಾಗಾಗಿ ಎರಡನೇ ಸಲ ಮುರಿದುಕೊಂಡು ಬರುವವರು ನನ್ನ ಕಣ್ಣಿಗೆ ಜಾಸ್ತಿ ಬೀಳುತ್ತಾರೆ. ಕಳೆದ ವರ್ಷ ಮಣಿಕಟ್ಟು, ಈ ವರ್ಷ ಸೊಂಟ. ಅದಕ್ಕೇ ಈ ವಿಷಯ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲು ಒಂದು ಮಾತು. ಗಾಡಿ ಗುದ್ದಿ ಮೂಳೆ ಮುರಿದರೆ ಅದು ಬೇರೆ. ನಿಂತವರು ನಿಂತಲ್ಲೇ ಬಿದ್ದು, ಬಚ್ಚಲಲ್ಲಿ ಕಾಲು ಜಾರಿ, ಹೊಸ್ತಿಲು ಎಡವಿ ಮೂಳೆ ಮುರಿದರೆ ಅದು ಬೇರೆ. ಐವತ್ತು ದಾಟಿದವರಿಗೆ ಹೀಗೆ ಸಣ್ಣ ಬೀಳಿಗೆ ಮೂಳೆ ಮುರಿಯಿತು ಅಂದರೆ ಒಳಗೆ ಮೂಳೆ ಟೊಳ್ಳಾಗಿದೆ, ಅಂದರೆ ಆಸ್ಟಿಯೋಪೊರೋಸಿಸ್ ಇರಬಹುದು ಅಂತ ಮೊದಲು ಅನುಮಾನ ಪಡಬೇಕು. ಮಂಡಿ ಸವೆತ ಇದಲ್ಲ, ಎರಡನ್ನೂ ಕೂಡಿಸಿ ಮಾತಾಡುವವರು ಬಹಳ. ಒಮ್ಮೆ ಹೀಗೆ ಮುರಿದವರಿಗೆ ಮತ್ತೆ ಮುರಿಯುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಅದರಲ್ಲೂ ಮೊದಲ ಎರಡು ವರ್ಷ ಅಪಾಯ ಜಾಸ್ತಿ. ಸೊಂಟ ಮುರಿದುಕೊಂಡು ಬಂದವರ ಹಿಂದಿನ ಕಥೆ ಕೇಳಿದರೆ ಅರ್ಧದಷ್ಟು ಜನಕ್ಕೆ ಮೊದಲೇ ಎಲ್ಲೋ ಒಂದು ಕಡೆ ಮುರಿದಿರುತ್ತದೆ ಅಂತ ಬೇರೆ ಬೇರೆ ದೇಶದ ಅಧ್ಯಯನಗಳು ಹೇಳುತ್ತವೆ. ಅಂದರೆ ಆ ಅರ್ಧ ಜನ ಒಮ್ಮೆ ನಮ್ಮ ಕೈಗೆ ಸಿಕ್ಕಿದ್ದರು. ಬಿಟ್ಟುಬಿಟ್ಟೆವು.

ಇತ್ತೀಚೆಗೆ ಒಬ್ಬರು ಬಂದಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ತುಂಗಭದ್ರಾ ಕಾಲುವೆ ಬದಿಯ ಹಳ್ಳಿ, ಮೊನ್ನೆ ಮೊನ್ನೆವರೆಗೂ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ಜೀವ. ಸೊಂಟದ ಆಪರೇಷನ್ ಆಗಿತ್ತು. ಸೊಸೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇಗಳನ್ನೆಲ್ಲ ಸುತ್ತಿ ತಂದಿದ್ದರು. ಒಂದೊಂದೇ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಕೆಳಗಡೆ ಒಂದು ಹಳೇ ಫಿಲ್ಮು ಸಿಕ್ಕಿತು. ಬಲಗೈ ಮಣಿಕಟ್ಟು. ಮೂಲೆಯಲ್ಲಿದ್ದ ತಾರೀಖು ನೋಡಿದರೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

“ಅಕ್ಕಾ, ಇದು ಯಾವಾಗಿಂದು?” ಅಂದೆ.

“ಅದು ಕೂಡೈತ್ರಿ ಸರ್, ಕಟ್ಟು ಕಟ್ಟಿಸಿದ್ವಿ. ಈಗ ಅದ್ರ ತ್ರಾಸ ಇಲ್ಲ.”

“ಆವಾಗ ಗುಳಿಗಿ ಏನರ ಕೊಟ್ಟಿದ್ರೇನು?”

“ಕ್ಯಾಲ್ಸಿಯಂ ಕೊಟ್ಟಿದ್ರು. ನಮ್ಮ ಅತ್ತಿ ಒಂದು ತಿಂಗಳು ತಗೊಂಡ್ರು, ಆಮ್ಯಾಲ ಬಿಟ್ರು. ವಯಸ್ಸಾತಲ್ರಿ.”

ಅಮ್ಮ ಮಂಚದ ಮೇಲಿಂದಲೇ ಮಾತು ಸೇರಿಸಿದರು: “ನನಗೇನಾಗೈತಿ ತಮ್ಮ, ಕಾಲು ಜಾರ್ತು ಅಷ್ಟ.”

ಈ “ವಯಸ್ಸಾತಲ್ರಿ” ಅನ್ನೋ ಮಾತಿಗೆ ನನಗೆ ಸಿಟ್ಟು ಬರುತ್ತದೆ. ಸೊಸೆಯ ಮೇಲಲ್ಲ, ಅವರಿಗೆ ಯಾರು ಹೇಳಿದ್ದಾರೆ ಪಾಪ. ನಾವು ಆಸ್ಪತ್ರೆ ಕಡೆಯವರು ಕೂಡ ಅದನ್ನೇ ಹೇಳಿ ಕೈ ತೊಳೆದುಕೊಳ್ಳುತ್ತೇವಲ್ಲ, ಅದಕ್ಕೆ.

ಇದಕ್ಕೆ ಪರಿಹಾರ ಯಾರೂ ಕಂಡುಹಿಡಿದಿಲ್ಲವೇ ಅಂದರೆ, ಕಂಡುಹಿಡಿದಾಗಿದೆ. 1990ರ ದಶಕದ ಕೊನೆಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಶುರುವಾದ ಪದ್ಧತಿ. ಹೆಸರು ಫ್ರಾಕ್ಚರ್ ಲಿಯೇಸನ್ ಸರ್ವೀಸ್. ಕೇಳೋಕೆ ಏನೋ ದೊಡ್ಡ ವಿಭಾಗದ ಹಾಗಿದೆ, ಆದರೆ ಅದರ ಜೀವ ಒಬ್ಬ ನರ್ಸ್. ಐವತ್ತು ದಾಟಿದ ಯಾರಿಗೇ ಮೂಳೆ ಮುರಿಯಲಿ, ವಾರ್ಡಿನಲ್ಲಿರಲಿ, ಪ್ಲಾಸ್ಟರ್ ರೂಮಿನಿಂದ ಹಾಗೇ ಮನೆಗೆ ಹೋಗಲಿ, ಅವರನ್ನು ಹುಡುಕಿ ಹಿಡಿಯುವುದು ಆ ನರ್ಸ್ ಕೆಲಸ. ಮೂಳೆ ಪರೀಕ್ಷೆ ಮಾಡಿಸುವುದು, ಔಷಧ ಬೇಕಾದರೆ ಶುರು ಮಾಡಿಸುವುದು, ಬೀಳದಂತೆ ಏನು ಮಾಡಬೇಕು ಅಂತ ಹೇಳುವುದು, ಆಮೇಲೆ ಬಿಡದೆ ಬೆನ್ನು ಹತ್ತುವುದು. ಡಾಕ್ಟರು ಇರುತ್ತಾರೆ, ಆದರೆ ದಾರ ಹಿಡಿದುಕೊಂಡಿರುವವರು ನರ್ಸ್.

ಇದು ಒಳ್ಳೇದು ಅಂತ ಗೊತ್ತಾದ ಮೇಲೆ ಎಲ್ಲರೂ ನಮ್ಮಲ್ಲೂ ಇದೆ ನಮ್ಮಲ್ಲೂ ಇದೆ ಅನ್ನತೊಡಗಿದರು. ಬೋರ್ಡ್ ಹಾಕುವುದಕ್ಕೆ ಏನು ಕಷ್ಟ? ಹಾಗಾಗಿ ಅಳತೆಗೋಲು ಬೇಕಾಯಿತು. ಇಂಟರ್‌ನ್ಯಾಷನಲ್ ಆಸ್ಟಿಯೋಪೊರೋಸಿಸ್ ಫೌಂಡೇಶನ್ 2012ರಲ್ಲಿ ‘ಕ್ಯಾಪ್ಚರ್ ದಿ ಫ್ರಾಕ್ಚರ್’ ಅನ್ನೋ ಕಾರ್ಯಕ್ರಮ ಶುರು ಮಾಡಿತು, ಮರುವರ್ಷ 13 ಮಾನದಂಡ ಪ್ರಕಟಿಸಿತು. ರೋಗಿಯನ್ನು ಗುರುತಿಸುವುದರಿಂದ ಹಿಡಿದು ಲೆಕ್ಕ ಇಡುವ ಡೇಟಾಬೇಸ್ ತನಕ ಎಲ್ಲವೂ ಅದರಲ್ಲಿದೆ. ಆಸ್ಪತ್ರೆಗಳು ಅದಕ್ಕೆ ಅರ್ಜಿ ಹಾಕಿದರೆ ಚಿನ್ನ, ಬೆಳ್ಳಿ, ಕಂಚು ಅಂತ ದರ್ಜೆ ಸಿಗುತ್ತದೆ. ಬ್ರಿಟನ್ನಿನಲ್ಲಿ 2015ರಲ್ಲಿ ತಮ್ಮದೇ ಮಾನದಂಡ ಮಾಡಿಕೊಂಡು 2019ರಲ್ಲಿ ತಿದ್ದಿದರು. ಇಂಗ್ಲೆಂಡ್ ಮತ್ತು ವೇಲ್ಸಿನ ಇಂಥ ಸೇವೆಗಳ ಲೆಕ್ಕವನ್ನು ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಇಟ್ಟು ಎಲ್ಲರ ಕಣ್ಣಿಗೆ ಬೀಳುವಂತೆ ಪ್ರಕಟಿಸುತ್ತದೆ. ಯಾವ ಆಸ್ಪತ್ರೆ ಎಷ್ಟರಲ್ಲಿದೆ ಅಂತ ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಿಟ್ಟರೆ ಇನ್ನಾವುದನ್ನು ಹೀಗೆ ಜಿಲ್ಲಾವಾರು ನೋಡುತ್ತೇವೆ ಹೇಳಿ.

ಹದಿಮೂರನ್ನೂ ಇಲ್ಲಿ ಬಿಡಿಸುವುದಿಲ್ಲ. ನನಗೆ ಹಿಡಿಸಿದ್ದು ಬ್ರಿಟನ್ನಿನವರ ಕಾಲದ ಲೆಕ್ಕ. ಮುರಿದ 12 ವಾರದೊಳಗೆ ಮೂಳೆಯ ಮತ್ತು ಬೀಳುವ ಅಪಾಯದ ತಪಾಸಣೆ ಆಗಿರಬೇಕು. 16 ವಾರದೊಳಗೆ ಔಷಧ ಶುರುವಾಗಿರಬೇಕು, ಕಾಲಿನ ಬಲ ಮತ್ತು ಸಮತೋಲ ತಪ್ಪದಂತೆ ನಿಲ್ಲುವ ವ್ಯಾಯಾಮವೂ ಶುರುವಾಗಿರಬೇಕು. ವರ್ಷ ತುಂಬಿದಾಗ, ಅಂದರೆ 52 ವಾರಕ್ಕೆ, ಇನ್ನೂ ಔಷಧ ತಗೊಳ್ಳುತ್ತಿದ್ದಾರಾ ಅಂತ ಕೇಳಿ ಬರೆದಿಟ್ಟಿರಬೇಕು. ಈ ಕೊನೆಯದೇ ಅಸಲಿ ಪರೀಕ್ಷೆ ಅಂತ ನನ್ನ ಅಭಿಪ್ರಾಯ. ಚೀಟಿ ಬರೆಯುವುದು ಸುಲಭ. ನುಂಗಿದರಾ ಅಂತ ವರ್ಷದ ಮೇಲೆ ಕೇಳಬೇಕಾದರೆ ರೋಗಿ ಎಲ್ಲಿದ್ದಾರೆ ಅಂತ ಗೊತ್ತಿರಬೇಕು, ಕೇಳುವುದಕ್ಕೆ ಒಬ್ಬರು ಇರಬೇಕು, ಕೇಳಿದ್ದನ್ನು ಬರೆಯುವುದಕ್ಕೆ ಒಂದು ಪುಸ್ತಕ ಇರಬೇಕು. ಈ ಒಂದು ಸರಿ ಇದ್ದರೆ ಹಿಂದಿನವೆಲ್ಲ ತಾವಾಗಿ ಸರಿ ಇರುತ್ತವೆ.

ಇನ್ನೊಂದು ಜಾಣತನ ಇದೆ ಅದರಲ್ಲಿ. ಶೇಕಡಾವಾರು ಲೆಕ್ಕ ಹಾಕುವಾಗ ಕೆಳಗಿನ ಸಂಖ್ಯೆ ಯಾವುದು ಅನ್ನೋದನ್ನು ಕೇಳುತ್ತಾರೆ. ನೂರು ಜನ ಬಂದರು, ತೊಂಬತ್ತು ಜನಕ್ಕೆ ಔಷಧ ಕೊಟ್ಟೆವು ಅಂದರೆ ಸಾಲದು. ಆ ಊರಲ್ಲಿ ಅಷ್ಟು ದಿನದಲ್ಲಿ ಒಟ್ಟು ಎಷ್ಟು ಜನಕ್ಕೆ ಮುರಿದಿರಬೇಕು, ಅದರಲ್ಲಿ ನಿಮಗೆ ಸಿಕ್ಕವರು ಎಷ್ಟು? ಮೊದಲು ಅದು ಹೇಳಿ ಅನ್ನುತ್ತಾರೆ.

ನಮ್ಮ ಕಡೆ ಈ ಪ್ರಶ್ನೆ ಕೇಳಿದರೆ ನೆಟ್ಟಗೆ ಹೋಗಿ ನಿಲ್ಲುವುದು ನಾಟಿ ಕಟ್ಟಿನ ಮುಂದೆ. ರಾಯಚೂರು, ಬಳ್ಳಾರಿ ಕಡೆ ಕೈ ಮುರಿದರೆ ಎಷ್ಟೋ ಜನ ಆಸ್ಪತ್ರೆ ಕಡೆ ತಲೆ ಹಾಕುವುದೇ ಇಲ್ಲ. ಪುತ್ತೂರು ಕಟ್ಟು ಅಂತ ಬೋರ್ಡ್ ಇರುವ ಕಡೆ ಹೋಗುತ್ತಾರೆ, ಇಲ್ಲಾ ಊರಲ್ಲೇ ಕಟ್ಟುವವರು ಇರುತ್ತಾರೆ. ಚಿತ್ತೂರು ಕಡೆಯ ಆ ಪುತ್ತೂರಿಗೇ ಬಸ್ ಹತ್ತಿ ಹೋಗಿ ಬಂದವರೂ ಇದ್ದಾರೆ. ಅದು ಸರಿಯೋ ತಪ್ಪೋ ಅನ್ನೋ ಜಗಳ ನನಗೆ ಇವತ್ತು ಬೇಡ. ನಾನು ಹೇಳುವುದು ಇಷ್ಟೇ: ಅಲ್ಲಿಗೆ ಹೋದ ಮಣಿಕಟ್ಟು ಯಾವ ಆಸ್ಪತ್ರೆಯ ರಿಜಿಸ್ಟರಿನಲ್ಲೂ ಇಲ್ಲ. ಮೇಲಿನ ಅಮ್ಮನ ಮಣಿಕಟ್ಟು ಕೂಡ ಎಕ್ಸ್‌ರೇ ತೆಗೆಸಿದ ಲ್ಯಾಬಿನವರೆಗೆ ಮಾತ್ರ ಬಂದದ್ದು, ಅಲ್ಲಿಂದ ಕಟ್ಟಿನವರ ಹತ್ತಿರ ಹೋಗಿದೆ. ಕ್ಯಾಲ್ಸಿಯಂ ಬರೆದುಕೊಟ್ಟವರು ಊರಿನ ಆರ್‌ಎಂಪಿ ಡಾಕ್ಟರು. ಆದ್ದರಿಂದ ಇಲ್ಲಿಯ ಸೇವೆಗೆ ಮಾನದಂಡ ಮಾಡುವುದಾದರೆ ಆಸ್ಪತ್ರೆ ಗೇಟಿನೊಳಗೆ ಕೂತು ಎಣಿಸಿದರೆ ಆಗುವುದಿಲ್ಲ. ಬಿಪಿ, ಶುಗರ್ ಕೇಳಿಕೊಂಡು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರ ಪಟ್ಟಿಯಲ್ಲಿ “ಐವತ್ತರ ಮೇಲೆ ಬಿದ್ದು ಎಲುಬು ಮುರಿದಿದೆಯಾ” ಅನ್ನೋ ಒಂದು ಸಾಲು ಸೇರಿಸಬೇಕು. ಅವರಿಗೆ ಈಗಾಗಲೇ ಕೆಲಸ ಜಾಸ್ತಿ, ಸಂಬಳ ಕಡಿಮೆ, ಅದು ನನಗೂ ಗೊತ್ತು. ಒಂದು ಸಾಲಿಗೆ ತಕ್ಕ ದುಡ್ಡು ಕೊಟ್ಟೇ ಮಾಡಿಸಿ.

ಬೆನ್ನುಮೂಳೆಯದು ಇನ್ನೂ ಕಷ್ಟ. ಅದು ಮುರಿದದ್ದು ಮುರಿದವರಿಗೇ ಗೊತ್ತಾಗುವುದಿಲ್ಲ. ನೀರಿನ ಕೊಡ ಎತ್ತಿದಾಗ, ಹತ್ತಿ ಮೂಟೆ ಎಳೆದಾಗ ಛಳಕ್ ಅಂದಿತು, ಆಮೇಲೆ ತಿಂಗಳುಗಟ್ಟಲೆ ನೋವು. ನರ ಹಿಡಿದಿದೆ ಅಂತ ಮುಲಾಮು ತಿಕ್ಕುತ್ತಾರೆ. ನಿಧಾನಕ್ಕೆ ಬೆನ್ನು ಬಾಗುತ್ತದೆ, ಎತ್ತರ ಕಡಿಮೆಯಾಗುತ್ತದೆ, ಸೀರೆ ನೆಲಕ್ಕೆ ತಾಗತೊಡಗುತ್ತದೆ. ಬೆನ್ನುಮೂಳೆ ಮುರಿತಗಳಲ್ಲಿ ಡಾಕ್ಟರ ಗಮನಕ್ಕೆ ಬರುವುದು ಸುಮಾರು ಮೂರರಲ್ಲಿ ಒಂದು ಮಾತ್ರ. ಕೆಮ್ಮಿಗೆ ಅಂತ ತೆಗೆದ ಎದೆಯ ಎಕ್ಸ್‌ರೇಯಲ್ಲಿ ಬೆನ್ನಿನ ಒಂದು ಎಲುಬು ಮುಂದೆ ಕುಸಿದದ್ದು ಕಾಣುತ್ತಿದ್ದರೂ ರಿಪೋರ್ಟಿನಲ್ಲಿ ಬರೆಯುವುದಿಲ್ಲ, ಏಕೆಂದರೆ ಕೇಳಿದ್ದು ಶ್ವಾಸಕೋಶದ ಬಗ್ಗೆ. ಆ 13 ಮಾನದಂಡಗಳಲ್ಲಿ ಬೆನ್ನುಮೂಳೆಗೇ ಅಂತ ಬೇರೆ ಒಂದನ್ನು ಇಟ್ಟಿರುವುದು ಇದಕ್ಕೇ.

ಇನ್ನು ಸ್ಕ್ಯಾನ್. ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಆಸ್ಟಿಯೋಪೊರೋಸಿಸ್ ಅಂತ ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆದಿದೆ. ಡೆಕ್ಸಾ ನಮ್ಮ ಹಳ್ಳಿಯವರಿಗೆ ದೂರದ ಮಾತು. ಅದಕ್ಕೆ ಇಲ್ಲೇನು ಮಾಡೋಕಾಗುತ್ತೆ ಬಿಡಿ ಅನ್ನುತ್ತಾರೆ. ಇದು ನೆಪ. ಬಿದ್ದು ಸೊಂಟ ಮುರಿದವರಿಗೆ, ಬೆನ್ನುಮೂಳೆ ಕುಸಿದವರಿಗೆ ಸ್ಕ್ಯಾನ್‌ಗೆ ಕಾಯದೆ ಔಷಧ ಶುರು ಮಾಡಬಹುದು ಅಂತ ಅನೇಕ ಮಾರ್ಗಸೂಚಿಗಳೇ ಹೇಳುತ್ತವೆ. ಉಳಿದವರ ಅಪಾಯ ಲೆಕ್ಕ ಹಾಕಲು ಫ್ರಾಕ್ಸ್ ಅನ್ನೋ ಲೆಕ್ಕಪಟ್ಟಿ ಇದೆ, ಮೊಬೈಲಿನಲ್ಲೇ ಸಿಗುತ್ತದೆ, ಭಾರತದ್ದೇ ಬೇರೆ ಮಾದರಿಯೂ ಇದೆ, ಸ್ಕ್ಯಾನ್ ಇಲ್ಲದೆಯೂ ನಡೆಯುತ್ತದೆ.

ಉಚಿತ ಶಿಬಿರಗಳ ಬಗ್ಗೆ ನನಗೆ ತಕರಾರಿದೆ. ಹಿಮ್ಮಡಿ ಇಟ್ಟು ನೋಡುವ ಸಣ್ಣ ಮೆಷೀನ್ ತರುತ್ತಾರೆ, ಅದು ಡೆಕ್ಸಾ ಅಲ್ಲ. ನಲವತ್ತರವರೆಲ್ಲ ಸಾಲಾಗಿ ನಿಂತು ಹಿಮ್ಮಡಿ ತೋರಿಸಿ, ಚೀಟಿ ಹಿಡಿದು, ಕ್ಯಾಲ್ಸಿಯಂ ಡಬ್ಬಿ ಕೊಂಡು ಹೋಗುತ್ತಾರೆ. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಅದೇ ಓಣಿಯ ಮನೆಯೊಳಗೆ ಕೂತ ಅಜ್ಜಿ ಶಿಬಿರಕ್ಕೆ ಬಂದೇ ಇರುವುದಿಲ್ಲ. ಎಷ್ಟು ಜನರ ತಪಾಸಣೆ ಆಯಿತು ಅಂತ ಪೇಪರಿನಲ್ಲಿ ಫೋಟೋ ಸಮೇತ ಬರುತ್ತದೆ, ಅಷ್ಟೇ.

ನಮ್ಮ ಕಡೆಗೆ ಇನ್ನೊಂದು ತೊಡಕು ಇದೆ. ಫ್ಲೋರೈಡ್. ಬೋರ್‌ವೆಲ್ ನೀರಿನ ಫ್ಲೋರೈಡ್ ಇಲ್ಲಿ ಎಷ್ಟೋ ಹಳ್ಳಿಗಳ ಹಳೇ ಸಂಕಟ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ತನಕ ಅನ್ನೋದು ಭಾರತದ ಮಿತಿ. ವರ್ಷಗಟ್ಟಲೆ ಜಾಸ್ತಿ ಕುಡಿದವರ ಮೂಳೆ ಸ್ಕ್ಯಾನ್‌ನಲ್ಲಿ ಗಟ್ಟಿಯಾಗಿ ಕಾಣುತ್ತದೆ, ನಂಬರ್ ಚೆನ್ನಾಗಿ ಬರುತ್ತದೆ. ಆದರೆ ಗಟ್ಟಿ ಕಾಣುವುದು ಬೇರೆ, ಬಲ ಇರುವುದು ಬೇರೆ. ಇದಕ್ಕೊಂದು ಒಳ್ಳೆ ಪುರಾವೆ ಇದೆ: ಒಂದು ಕಾಲಕ್ಕೆ ಫ್ಲೋರೈಡನ್ನೇ ಆಸ್ಟಿಯೋಪೊರೋಸಿಸ್‌ಗೆ ಔಷಧ ಅಂತ ಕೊಟ್ಟು ನೋಡಿದ್ದರು. ಅಮೆರಿಕದಲ್ಲಿ 202 ಹೆಂಗಸರ ಮೇಲೆ ನಾಲ್ಕು ವರ್ಷ ನಡೆದ ಅಧ್ಯಯನದ ಫಲಿತಾಂಶ 1990ರಲ್ಲಿ ಬಂತು. ಬೆನ್ನುಮೂಳೆಯ ಕೆಳಭಾಗದ ಸಾಂದ್ರತೆ ಶೇ. 35ರಷ್ಟು ಏರಿತ್ತು, ಆದರೆ ಬೆನ್ನುಮೂಳೆ ಮುರಿಯುವುದು ಹೇಳಿಕೊಳ್ಳುವಷ್ಟು ತಗ್ಗಲಿಲ್ಲ, ಉಳಿದ ಮೂಳೆಗಳು ಇನ್ನೂ ಜಾಸ್ತಿ ಮುರಿದವು. ಹಾಗಾಗಿ ನಮ್ಮ ಕಡೆಯವರ ಸ್ಕ್ಯಾನ್ ನಾರ್ಮಲ್ ಬಂದರೆ ನಿಟ್ಟುಸಿರು ಬಿಡುವ ಮೊದಲು ಯಾವ ಊರು, ಯಾವ ನೀರು ಕುಡಿಯುತ್ತೀರಿ ಅಂತ ಕೇಳಬೇಕು. ಬೆನ್ನು, ಕುತ್ತಿಗೆ ಬಗ್ಗಲಾರದಷ್ಟು ಬಿಗಿದಿದೆಯಾ, ಹಲ್ಲಿನ ಮೇಲೆ ಕಂದು ಗೆರೆ ಇದೆಯಾ ನೋಡಬೇಕು. ಲಂಡನ್ನಿನಲ್ಲಿ ಕೂತು ಬರೆದ ಮಾನದಂಡದಲ್ಲಿ ಇದು ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಮೂಳೆ ಟೊಳ್ಳಾಗಲು ಬೇರೆ ಕಾರಣ ಇದೆಯಾ ಹುಡುಕಿ ಅಂತ ಅಲ್ಲಿ ಇದೆಯಲ್ಲ, ಥೈರಾಯ್ಡ್, ಕಿಡ್ನಿ, ವಿಟಮಿನ್ ಡಿ, ಬಹಳ ದಿನ ತಗೊಂಡ ಸ್ಟಿರಾಯ್ಡ್, ಆ ಜಾಗದಲ್ಲಿ ನಾವು ಫ್ಲೋರೈಡ್ ಸೇರಿಸಿಕೊಳ್ಳಬೇಕು. ಸ್ಟಿರಾಯ್ಡ್ ಅಂದಾಗ ನೆನಪಾಯಿತು. ಕೀಲುನೋವಿಗೆ ಹೆಸರಿಲ್ಲದ ಪುಡಿ ಪೊಟ್ಟಣ ತಗೊಳ್ಳುತ್ತೀರಾ ಅಂತಲೂ ಕೇಳಿ. ಎರಡು ದಿನದಲ್ಲಿ ನೋವು ಮಾಯ ಆಗುವ ಪುಡಿಯಲ್ಲಿ ಬಹಳ ಸಲ ಅದೇ ಇರುತ್ತದೆ.

“ಜೋಳ ತಿಂದವ ತೋಳ” ಅಂತ ಹೆಮ್ಮೆ ನಮಗೆ. ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ಒಳಗೇ ಇದೆ, ರಾಗಿಯಲ್ಲಿ 340ಕ್ಕೂ ಮೇಲೆ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು. ರೊಟ್ಟಿ ಬಿಡಿ ಅಂತಲ್ಲ, ಜೊತೆಗೆ ಮೊಸರು, ಎಳ್ಳು ಇರಲಿ. ಅತ್ತೆ ಎಲ್ಲರಿಗೂ ಬಡಿಸಿ ಕೊನೆಗೆ ನೀರು ಮಜ್ಜಿಗೆ ಕುಡಿಯುವ ಮನೆಗಳು ಇನ್ನೂ ಇವೆ.

ಆದರೆ ಒಮ್ಮೆ ಮುರಿದ ಮೇಲೆ ಕ್ಯಾಲ್ಸಿಯಂ ಗುಳಿಗೆಯೊಂದೇ ಸಾಲದು. ಅದು ಗೋಡೆಗೆ ಇಟ್ಟಿಗೆ ತಂದು ರಾಶಿ ಹಾಕಿದ ಹಾಗೆ, ಕಟ್ಟುವವರು ಬೇರೆ ಬೇಕು. ಮೂಳೆ ಕರಗುವುದನ್ನು ತಡೆಯುವ ಔಷಧ ಅಲೆಂಡ್ರೊನೇಟ್, 70 ಮಿಲಿಗ್ರಾಂ, ವಾರಕ್ಕೊಂದು ಗುಳಿಗೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತುಂಬಿದ ಲೋಟ ಬರೀ ನೀರಿನ ಜೊತೆ, ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಚಹಾನೂ ಇಲ್ಲ. ಇದನ್ನು ಸರಿಯಾಗಿ ಹೇಳಿಕೊಡದಿದ್ದರೆ ಗಂಟಲು, ಎದೆ ಉರಿದು ಎರಡೇ ವಾರಕ್ಕೆ ಬಿಟ್ಟುಬಿಡುತ್ತಾರೆ. ಅದು ಆಗದವರಿಗೆ ಜೊಲೆಡ್ರೊನಿಕ್ ಆ್ಯಸಿಡ್ 5 ಮಿಲಿಗ್ರಾಂ, ವರ್ಷಕ್ಕೊಮ್ಮೆ ಸಲೈನ್ ಥರ ಹನಿಹನಿಯಾಗಿ ಕೊಡುತ್ತಾರೆ. ಸೊಂಟದ ಆಪರೇಷನ್ ಆದ 90 ದಿನದೊಳಗೆ ಇದನ್ನು ಕೊಟ್ಟು ನೋಡಿದ ದೊಡ್ಡ ಅಧ್ಯಯನ 2007ರಲ್ಲಿ ಬಂತು: ಮತ್ತೆ ಮುರಿಯುವುದು ಶೇ. 35ರಷ್ಟು, ಸಾವು ಶೇ. 28ರಷ್ಟು ಕಡಿಮೆ. ಕೊಡುವ ಮೊದಲು ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ಮಟ್ಟ ನೋಡಲೇಬೇಕು, ಅದು ಡಾಕ್ಟರ ಕೆಲಸ. ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೊಸುಮ್ಯಾಬ್ ಕೂಡ ಇದೆ. ಒಳ್ಳೆಯ ಔಷಧ. ಆದರೆ ಅದನ್ನು ಸುಮ್ನೆ ಅರ್ಧಕ್ಕೆ ನಿಲ್ಲಿಸಿದರೆ ಬೆನ್ನುಮೂಳೆಗಳು ಒಂದರ ಹಿಂದೆ ಒಂದು ಕುಸಿಯುವ ಅಪಾಯ ಇದೆ, ನಿಲ್ಲಿಸುವುದಾದರೆ ಬದಲಿಗೆ ಬೇರೆ ಔಷಧ ಕೊಡಬೇಕು. ಬೆನ್ನು ಹತ್ತಿ ಕರೆಯುವ ವ್ಯವಸ್ಥೆ ಇಲ್ಲದ ಕಡೆ ಅದನ್ನು ಶುರು ಮಾಡುವುದೇ ನನಗೆ ಭಯ.

ಬೀಳುವ ವಿಷಯ ನನ್ನ ಕೆಲಸಕ್ಕೆ ಸೇರಿದ್ದು. ಆ ಅಮ್ಮನ ಮನೆಗೆ ಹೋಗಿದ್ದೆ. ಪಡಸಾಲೆಗೂ ಬಚ್ಚಲಿಗೂ ಶಹಾಬಾದ್ ಕಲ್ಲು, ವರ್ಷಗಟ್ಟಲೆ ತಿಕ್ಕಿ ಕನ್ನಡಿ ಆಗಿದೆ. ಬಚ್ಚಲ ಹೊಸ್ತಿಲು ಒಂದು ಗೇಣು ಎತ್ತರ. ಬಲ್ಬಿನ ಸ್ವಿಚ್ಚು ಹೊರಗಡೆ, ಆದರೆ ಬಾಗಿಲ ಇನ್ನೊಂದು ಬದಿಗೆ, ಅಂದರೆ ಕತ್ತಲಲ್ಲಿ ದಾಟಿಯೇ ಹಚ್ಚಬೇಕು. ರಾತ್ರಿ ಬಿಪಿ ಗುಳಿಗೆ, ಅದರ ಮೇಲೆ ನಿದ್ದೆ ಗುಳಿಗೆ. ಒಂದು ಕಣ್ಣಿಗೆ ಪೊರೆ. ಮೊಮ್ಮಗನ ಹಳೇ ಹವಾಯಿ ಚಪ್ಪಲಿ. ಇನ್ನು ಬೀಳದೆ ಏನು? ಗೋಡೆಗೆ ಒಂದು ಪೈಪು, ಒಳಗೆ ಜಾರದ ರಬ್ಬರ್ ಮ್ಯಾಟು, ಸ್ವಿಚ್ಚು ಜಾಗ ಬದಲಿಸುವುದು, ಎಲ್ಲ ಸೇರಿ ಆಪರೇಷನ್‌ಗೆ ಆದ ಖರ್ಚಿನ ಚೂರೂ ಅಲ್ಲ. ಜೊತೆಗೆ ಕುರ್ಚಿಯಿಂದ ಕೈ ಊರದೆ ಏಳುವುದು, ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ದಿನಾ ಮಾಡಬೇಕು. ಗಂಡಸರಿಗೂ ಇದೇ. ಅವರಿಗೆ ಸೊಂಟ ಮುರಿಯುವುದು ಕಡಿಮೆ, ಆದರೆ ಮುರಿದ ಮೇಲೆ ಸಾಯುವುದು ಹೆಂಗಸರಿಗಿಂತ ಜಾಸ್ತಿ.

ಹಾಗಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಇದೆಲ್ಲ ಆಗುವ ಮಾತಾ? ಚಿನ್ನದ ದರ್ಜೆ ಆಗದು. ಒಬ್ಬ ನರ್ಸ್‌ಗೆ ವಾರದಲ್ಲಿ ಒಂದು ದಿನ ಬಿಡುವು ಕೊಟ್ಟು, ಪ್ಲಾಸ್ಟರ್ ರೂಮು ಮತ್ತು ವಾರ್ಡಿನ ರಿಜಿಸ್ಟರಿನಿಂದ ಐವತ್ತು ದಾಟಿದವರನ್ನು ಎತ್ತಿ ಒಂದು ಉದ್ದ ಬುಕ್ಕಿನಲ್ಲಿ ಬರೆಯಿಸಿ, 12, 16, 52 ಅಂತ ಮೂರು ಕಾಲಂ ಎಳೆದರೆ ಶುರುವಾಗುತ್ತದೆ. ನಾನು ನನ್ನಲ್ಲಿಗೆ ಬರುವವರ ಮಟ್ಟಿಗೆ ಇಂಥ ಬುಕ್ಕು ಇಟ್ಟಿದ್ದೇನೆ. ಕಾಲಂಗಳಲ್ಲಿ ಖಾಲಿ ಮನೆಗಳೇ ಜಾಸ್ತಿ, ನಿಜ. ಆದರೆ ಖಾಲಿ ಇದೆ ಅಂತ ಕಾಣುತ್ತದಲ್ಲ, ಮೊದಲು ಅದೂ ಇರಲಿಲ್ಲ.

ಖಾಲಿ ಇರಲು ದೊಡ್ಡ ಕಾರಣ ಔಷಧದ ಬೆಲೆ ಅಲ್ಲ, ಫೋನ್ ನಂಬರ್. ಕಾರ್ಡಿನ ಮೇಲೆ ಇರುವುದು ಮಗನ ನಂಬರ್. ಮಗ ಬೆಂಗಳೂರಿಗೆ ದುಡಿಯಲು ಗುಳೆ ಹೋಗಿರುತ್ತಾನೆ. ಫೋನ್ ಮಾಡಿದರೆ ಕಟ್ಟಡದ ಗದ್ದಲದ ನಡುವೆ “ಊರಿಗೆ ಹೋದಾಗ ಹೇಳ್ತೀನ್ರಿ” ಅನ್ನುತ್ತಾನೆ, ಊರಿಗೆ ಹೋಗುವುದು ಯುಗಾದಿಗೆ. ಅಷ್ಟರಲ್ಲಿ ಸಿಮ್ಮೇ ಬದಲಾಗಿರುತ್ತದೆ. ಅದಕ್ಕೆ ಈಗ ನಾನು ಎರಡು ನಂಬರ್ ಬರೆಯಿಸಿಕೊಳ್ಳುತ್ತೇನೆ, ಒಂದು ಮನೆಯದ್ದು, ಇನ್ನೊಂದು ಓಣಿಯ ಕಿರಾಣಿ ಅಂಗಡಿಯದ್ದು ಇಲ್ಲಾ ಆ ಊರಿನ ಆಶಾ ಅಕ್ಕನದ್ದು. ಎರಡನೇ ನಂಬರಿಗೆ ಮಾಡಿದ ಫೋನ್‌ಗಳೇ ಜಾಸ್ತಿ ಮುಟ್ಟುತ್ತವೆ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಬಿದ್ದು ಮುರಿದುಕೊಂಡಿದ್ದರೆ ಆಸ್ಪತ್ರೆಯವರು ಕೇಳದಿದ್ದರೂ ಎರಡನೇ ನಂಬರ್ ಕೊಟ್ಟು ಬನ್ನಿ.